ಮುಳ್ಳಪ್ಪ ಓಡಿಸಿದ ಗಡಿಯಾರ

ಮಗಳು ಚಿನ್ನದ ಪದಕ ಗೆದ್ದ ಮರುದಿನ ಬೆಳಿಗ್ಗೆ ಇಡೀ ಬೀದಿ ಮುಳ್ಳಪ್ಪನ ಮನೆಗೆ ಬಂದು ಬಾಯಿ ತುಂಬ ಹೊಗಳಿ ಹೋಯಿತು. ಮುಳ್ಳಪ್ಪ ಮಾತ್ರ ಮುಖ ಊದಿಸಿಕೊಂಡು ಕೂತಿದ್ದ. ಅವನ ತೊಡೆಯ ಮೇಲೆ ಅಂದಿನ ಪೇಪರಿತ್ತು. ಆರನೆಯ ಪುಟದ ಕೆಳಮೂಲೆಯಲ್ಲಿ ಮಗಳ ಚಿತ್ರ, ಚಿತ್ರದ ಕೆಳಗೆ ಮೂರು ಸಾಲು. ಮೂರನೆಯ ಸಾಲನ್ನು ಅವನು ಹನ್ನೊಂದು ಸಲ ಓದಿದ್ದ. ಹನ್ನೊಂದು ಸಲವೂ ಅದು ಬದಲಾಗಿರಲಿಲ್ಲ: "ಯಾವ ತರಬೇತಿಯೂ ಇಲ್ಲದೆ, ಬೀದಿಯಲ್ಲಿ ತನ್ನಷ್ಟಕ್ಕೆ ತಾನೇ ಓಡಿ ಬೆಳೆದ ಹುಡುಗಿ."

"ತನ್ನಷ್ಟಕ್ಕೆ ತಾನೇ ಬೆಳೆಯೋದು ಕಳೆ" ಅಂದ ಮುಳ್ಳಪ್ಪ. "ಇವಳನ್ನ ನಾನು ಬೆಳೆಸಿದ್ದು."

"ಹೆತ್ತದ್ದು ನಾನು" ಅಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ. "ಪೇಪರಿನೋರು ಅದನ್ನೂ ಬರೆದಿಲ್ಲ. ನಾನು ಸುಮ್ಮನಿಲ್ವಾ?"

ಮುಳ್ಳಪ್ಪ ಸುಮ್ಮನಿರುವ ಆಸಾಮಿಯಲ್ಲ. ಮುಳ್ಳಪ್ಪ ಅನ್ನುವುದು ಅವನ ತಂದೆತಾಯಿ ಇಟ್ಟ ಹೆಸರೂ ಅಲ್ಲ. ಮೂವತ್ತು ವರ್ಷದಿಂದ ಗಡಿಯಾರದ ಮುಳ್ಳುಗಳನ್ನು ಸರಿಮಾಡಿ ಬದುಕಿದವನು, ಬಾಯಿ ತೆರೆದರೆ ಎದುರಿನವರಿಗೆ ಎಲ್ಲಾದರೂ ಒಂದು ಕಡೆ ಚುಚ್ಚಿಯೇ ಚುಚ್ಚುವವನು. ಎರಡೂ ಕಾರಣಕ್ಕೆ ಬೀದಿಯವರು ಸೇರಿ ಇಟ್ಟದ್ದು ಅದು. ಮನೆಯ ಮುಂಭಾಗದ ಕೋಣೆಯೇ ಅಂಗಡಿ. ಬಾಗಿಲಿನ ಎಡಕ್ಕೆ ಅವನ ಗಾಜಿನ ಪೆಟ್ಟಿಗೆ, ಚಿಮುಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಬಲಕ್ಕೆ ಹೆಂಡತಿಯ ಹೊಲಿಗೆ ಯಂತ್ರ, ಶಾಲೆಯ ಮಕ್ಕಳ ಸಮವಸ್ತ್ರಗಳ ರಾಶಿ. ನಡುವೆ ಎರಡು ಅಡಿಯ ದಾರಿ. ಆ ಎರಡು ಅಡಿಯೇ ದಿನವಿಡೀ ನಡೆಯುವ ವಾಗ್ಯುದ್ಧದ ರಣರಂಗ. ಹೊರಗಿನ ಹಲಗೆಯ ಮೇಲೆ ಅವನೇ ಕೈಯಾರೆ ಬರೆದು ನೇತುಹಾಕಿದ್ದ: "ನಿಮ್ಮ ಗಡಿಯಾರಕ್ಕೂ ನಮ್ಮ ಗಡಿಯಾರಕ್ಕೂ ವ್ಯತ್ಯಾಸ ಕಂಡರೆ ತಪ್ಪು ನಿಮ್ಮದು."

ಬೀದಿಯ ಆಚೆ ಬದಿಯಲ್ಲಿ ಇನ್ನೊಂದು ಗಡಿಯಾರದ ಅಂಗಡಿ ಇತ್ತು. ಅದರ ಯಜಮಾನನನ್ನು ಮುಳ್ಳಪ್ಪ ಕರೆಯುತ್ತಿದ್ದದ್ದು "ಬ್ಯಾಟರಿ" ಎಂದು. ಬ್ಯಾಟರಿ ಬದಲಾಯಿಸುವುದು ಬಿಟ್ಟರೆ ಅವನಿಗೆ ಬೇರೇನೂ ಬರುವುದಿಲ್ಲ ಅನ್ನುವುದು ಮುಳ್ಳಪ್ಪನ ಖಚಿತ ಅಭಿಪ್ರಾಯ. (ಅವನ ಅಂಗಡಿಯ ಒಳಗೆ ಮುಳ್ಳಪ್ಪ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಒಳಗೆ ಹೋಗಿ ನೋಡಿದರೆ ಅಭಿಪ್ರಾಯ ಕೆಡುತ್ತದಲ್ಲ.)

ಇಂಥವನು ಓಟದ ಗುರುವಾದದ್ದು ಹೇಗೆ ಅನ್ನುತ್ತೀರಾ? ನಾಲ್ಕು ವರ್ಷದ ಹಿಂದೆ ಮಗಳಿಗೆ ಹನ್ನೆರಡು. ಒಂದು ದಿನ ತಾಯಿ ಅವಳಿಗೆ ಬೀದಿಯ ಕೊನೆಯ ಅಂಗಡಿಯಿಂದ ನೀಲಿ ದಾರದುಂಡೆ ತರಲು ಹೇಳಿದಳು. ಹೇಳಿ, ಹೋಗುವಾಗ ಚಪ್ಪಲಿ ಹಾಕಿಕೊಂಡು ಹೋಗು, ನೆಲ ಕಾದಿದೆ ಎಂದು ಮಾತು ಮುಗಿಸುವ ಹೊತ್ತಿಗೆ ಮಗಳು ಬರಿಗಾಲಲ್ಲಿ ಹೋಗಿ, ದಾರದುಂಡೆ ತಂದು ಎದುರಿಗೆ ನಿಂತಿದ್ದಳು. ಮುಳ್ಳಪ್ಪನ ಕೈಯಲ್ಲಿ ಆಗ ಯಾರೋ ರಿಪೇರಿಗೆ ಕೊಟ್ಟು ಮರಳಿ ಒಯ್ಯದೆ ಬಿಟ್ಟ ಹಳೆಯ ಕೀಲಿ ಕೊಡುವ ಸ್ಟಾಪ್‌ವಾಚು ಇತ್ತು. ಅವನು ಮಗಳನ್ನು ನೋಡಿದ, ವಾಚನ್ನು ನೋಡಿದ. ಅಲ್ಲಿಗೆ ಮುಗಿಯಿತು ಆ ಹುಡುಗಿಯ ಸುಖದ ಬಾಲ್ಯ.

ಓಟದ ಬಗ್ಗೆ ಮುಳ್ಳಪ್ಪನಿಗಿದ್ದ ಸ್ವಂತ ಅನುಭವ ಒಂದೇ ಒಂದು. ಹರೆಯದಲ್ಲಿ ಒಮ್ಮೆ ನಾಯಿ ಅಟ್ಟಿಸಿಕೊಂಡು ಬಂದಿತ್ತು. ಅದರಲ್ಲೂ ನಾಯಿಯೇ ಗೆದ್ದಿತ್ತು. ಆದರೆ ಅವನ ಹತ್ತಿರ ಸಿದ್ಧಾಂತವಿತ್ತು. ಮನುಷ್ಯನೂ ಒಂದು ಗಡಿಯಾರವೇ. ಎದೆಗೂಡು ಮುಖ್ಯ ಸ್ಪ್ರಿಂಗು, ಕಾಲುಗಳು ಹಲ್ಲುಚಕ್ರ, ತಲೆ ಅನ್ನುವುದು ಬರೀ ಮುಚ್ಚಳ. ಮುಚ್ಚಳ ಬಿಗಿಯಾಗಿದ್ದರೆ ಸಾಕು, ಒಳಗಿನದು ತಾನಾಗಿ ನಡೆಯುತ್ತದೆ. ಮಗಳು ಗೋಡೆಗಡಿಯಾರದ ಲೋಲಕದ ಎದುರು ನಿಂತು ಅದು ಬೀಸಿದಂತೆ ಕೈ ಬೀಸಬೇಕು. ಓಡುವಾಗ ಉಸಿರನ್ನು ಎಣಿಸಬೇಕು. ದಿನವೂ ಬೆಳಿಗ್ಗೆ ಐದಕ್ಕೆ ಬೀದಿಯಲ್ಲಿ ಎಂಟುನೂರು ಮೀಟರು. ವಠಾರದ ಸುತ್ತ ಮೂರು ಸುತ್ತು ಹಾಕಿ, ಇನ್ನಷ್ಟು ಓಡಿ ಅಂಗಡಿಯ ಬಾಗಿಲಿಗೆ ಬಂದರೆ ಎಂಟುನೂರು ತುಂಬುವಂತೆ ಅವನೇ ಅಳೆದು, ದೀಪದ ಕಂಬದ ಹತ್ತಿರ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದ. ಬಾಗಿಲಲ್ಲಿ ಅವನು, ಕೈಯಲ್ಲಿ ವಾಚು, ಬಾಯಲ್ಲಿ ಬೈಗುಳ. ಮಗಳು ಬಂದು ಮುಟ್ಟಿದ ಕೂಡಲೇ ಸಮಯವನ್ನು ಓಟದ ಪುಸ್ತಕದಲ್ಲಿ ಬರೆಯುವುದು. ಮಳೆ, ಜ್ವರ, ನೆಂಟರು, ಯಾವುದಕ್ಕೂ ರಜೆ ಇರಲಿಲ್ಲ. ನಾಲ್ಕು ವರ್ಷಕ್ಕೆ ನಾಲ್ಕು ಪುಸ್ತಕಗಳಾದವು.

ಇಷ್ಟು ಎಲ್ಲರಿಗೂ ಗೊತ್ತಿದ್ದದ್ದು. ಯಾರಿಗೂ ಗೊತ್ತಿಲ್ಲದ್ದು ಒಂದಿತ್ತು. ಅದನ್ನು ಈಗ ನಿಮ್ಮ ಕಿವಿಗೆ ಮಾತ್ರ ಹಾಕುತ್ತೇನೆ.

ಮೊದಲ ವಾರವೇ ಮುಳ್ಳಪ್ಪ ಒಂದು ದಿನ ಅಂಗಡಿಯ ಬಾಗಿಲು ಅರ್ಧ ಎಳೆದು, ಆ ಸ್ಟಾಪ್‌ವಾಚಿನ ಬೆನ್ನು ಬಿಚ್ಚಿದ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಒಂದಿಷ್ಟು ಮೋಟು ಮಾಡಿದ. ಅಲ್ಲಿಂದ ಆ ವಾಚು ಅರವತ್ತು ಸೆಕೆಂಡು ಕಳೆಯುವುದರೊಳಗೆ ಅರವತ್ತೆರಡು ತೋರಿಸತೊಡಗಿತು. ಮಗಳು ಎಷ್ಟೇ ಜೋರಾಗಿ ಓಡಿದರೂ ವಾಚು "ಸಾಲದು" ಅನ್ನುತ್ತದೆ. ಸಾಲದು ಅಂದರೆ ಅವಳು ಇನ್ನೂ ಜೋರಾಗಿ ಓಡುತ್ತಾಳೆ. ಇದು ಅವನ ಬ್ರಹ್ಮಾಸ್ತ್ರ. ಪುಸ್ತಕದಲ್ಲಿ ಸುಳ್ಳು ಅಂಕಿ ಬರೆಯುತ್ತಿದ್ದ, ಅದರಿಂದ ಮನಸ್ಸಿನಲ್ಲೇ ಮೂವತ್ತೊಂದಕ್ಕೆ ಒಂದರಂತೆ ಕಳೆದು ನಿಜವಾದ ಅಂಕಿ ಕಂಡುಕೊಂಡು ಸಂತೋಷಪಡುತ್ತಿದ್ದ. ಮೂವತ್ತು ವರ್ಷದಲ್ಲಿ ಸರಿಯಿದ್ದ ಗಡಿಯಾರವನ್ನು ಕೆಡಿಸಿದ್ದು ಅದೊಂದೇ ಸಲ. ವೈದ್ಯ ಗಟ್ಟಿಮುಟ್ಟಾದವನಿಗೆ ಬೇಕೆಂದೇ ಭೇದಿಮಾತ್ರೆ ಕೊಟ್ಟ ಹಾಗೆ. ಈ ಸಂಗತಿ ಹೊರಗೆ ಬಿದ್ದರೆ ಬಾಗಿಲಿನ ಹಲಗೆಯನ್ನು ಇಳಿಸಿ ಒಲೆಗೆ ಹಾಕಬೇಕಷ್ಟೇ. ಅದಕ್ಕೇ ಆ ವಾಚನ್ನು ಆಮೇಲೆ ಒಮ್ಮೆಯೂ ಬಿಚ್ಚಲಿಲ್ಲ. ತಾನು ಕೆಡಿಸಿದ್ದು ಕೆಟ್ಟೇ ಇರುತ್ತದೆ ಎಂಬ ಭರವಸೆ ಅವನಿಗಿತ್ತು.

ಎಂಟು ತಿಂಗಳ ಹಿಂದೆ ಇನ್ನೊಂದು ಚಮತ್ಕಾರವೂ ನಡೆಯಿತು. ಮುಳ್ಳಪ್ಪ ಮಧ್ಯಾಹ್ನದ ನಿದ್ದೆಯನ್ನು ಮನೆಯಲ್ಲಿ ನಿಷೇಧಿಸಿದ. ನಿದ್ದೆ ಅಂದರೆ ಹಲ್ಲುಚಕ್ರಕ್ಕೆ ಹಿಡಿಯುವ ತುಕ್ಕು ಅಂತ ಅವನ ವಾದ. ನಿಷೇಧ ಜಾರಿಯಾದ ವಾರವೇ ಮಗಳ ಸಮಯ ಪುಸ್ತಕದಲ್ಲಿ ನಾಲ್ಕೂವರೆ ಸೆಕೆಂಡು ಇಳಿಯಿತು. ಮುಳ್ಳಪ್ಪ ಬೀದಿಯಲ್ಲಿ ಎದೆ ಮುಂದೆ ಮಾಡಿಕೊಂಡು ತಿರುಗಿದ. ಅದೇ ಹುರುಪಿನಲ್ಲಿ ಹೆಂಡತಿಯ ನಿದ್ದೆಯನ್ನೂ ಕಿತ್ತುಕೊಂಡ. ಅವಳು ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಳು. ಅವಳು ಬಾಯಿ ಮುಚ್ಚಿಕೊಂಡದ್ದನ್ನು ನೋಡಿಯಾದರೂ ಅವನಿಗೆ ಅನುಮಾನ ಬರಬೇಕಿತ್ತು.

ಅಂತೂ ಎಂಟುನೂರು ಮೀಟರಿನ ಪಂದ್ಯ ಬಂತು. ಮುಳ್ಳಪ್ಪನ ಮನೋಗಣಿತದ ಪ್ರಕಾರ ಮಗಳು ಎರಡು ನಿಮಿಷ ಹದಿನೈದು ಸೆಕೆಂಡಿನಲ್ಲಿ ಗೆಲ್ಲಬೇಕು. ಅವಳು ಗೆದ್ದದ್ದೂ ಎರಡು ನಿಮಿಷ ಹದಿನೈದು ಸೆಕೆಂಡಿನಲ್ಲೇ. (ಪ್ರೇಕ್ಷಕರ ನಡುವೆ ನಿಂತ ಅವನು ಸ್ಟಾಪ್‌ವಾಚನ್ನು ಹಿಡಿದಿದ್ದನಾದರೂ ಗುಂಡಿ ಒತ್ತುವುದನ್ನೇ ಮರೆತಿದ್ದ. ಪಕ್ಕದವನ ಬೆನ್ನನ್ನು ಮಾತ್ರ ಚೆನ್ನಾಗಿ ಒತ್ತಿದ್ದ.) ಇಷ್ಟೆಲ್ಲ ಮಾಡಿದವನಿಗೆ "ಯಾವ ತರಬೇತಿಯೂ ಇಲ್ಲದೆ" ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಉರಿಯುವ ಹೊಟ್ಟೆಗೆ ಇನ್ನಷ್ಟು ಎಣ್ಣೆ ಸುರಿದದ್ದು ಕ್ರೀಡಾ ಕಚೇರಿಯಿಂದ ಬಂದ ಕಾಗದ. ಮಗಳನ್ನು ಎರಡು ತಿಂಗಳ ತರಬೇತಿ ಶಿಬಿರಕ್ಕೆ ಕರೆದಿದ್ದರು. ಜೊತೆಯಲ್ಲಿದ್ದ ನಮೂನೆಯಲ್ಲಿ "ತರಬೇತುದಾರರ ಹೆಸರು" ಅನ್ನುವ ಕಡೆ ಅವರೇ ಒಂದು ಗೀಟು ಎಳೆದು ಕಳಿಸಿದ್ದರು. ಮುಳ್ಳಪ್ಪ ಕಚೇರಿಗೆ ಹೋಗಿ ವಿಚಾರಿಸಿದ. ಗುಮಾಸ್ತ ತಾಳ್ಮೆಯಿಂದ ವಿವರಿಸಿದ: ಹೆಸರಿದ್ದರೆ ತರಬೇತುದಾರರಿಗೆ ಒಂದು ಚೀಟಿ ಸಿಗುತ್ತದೆ, ಚೀಟಿ ಇದ್ದವರು ಮೈದಾನದ ಒಳಗೆ ಬರಬಹುದು. ಹೆಸರಿಲ್ಲದ ಮಕ್ಕಳಿಗೆ ಶಿಬಿರದವರೇ ಯಾರನ್ನಾದರೂ ನೇಮಿಸುತ್ತಾರೆ. ಅಪ್ಪಂದಿರು ತಂತಿಬೇಲಿಯ ಹೊರಗೆ ಊಟದ ಡಬ್ಬಿ ಹಿಡಿದು ಕೂರಬಹುದು. ಅಲ್ಲಿ ಬೆಂಚು ಹಾಕಿಸಿದ್ದೇವೆ.

ಬೆಂಚು ಅನ್ನುವ ಮಾತು ಮುಳ್ಳಪ್ಪನ ಎದೆಗೆ ನಾಟಿತು. ನಾಲ್ಕು ಪುಸ್ತಕಗಳನ್ನೂ ಗುಮಾಸ್ತನ ಮೇಜಿನ ಮೇಲೆ ಒಂದರ ಮೇಲೊಂದು ಕುಟ್ಟಿದ. ಸಾವಿರದ ನಾನೂರು ಬೆಳಗಿನ ದಾಖಲೆ ಇದು, ಇದನ್ನು ಓದಿ ನೋಡಿ, ಆಮೇಲೆ ಬೆಂಚಿನ ಮಾತಾಡಿ ಅಂದ. ಇಷ್ಟು ಗದ್ದಲವಾದ ಮೇಲೆ ಒಳಕೋಣೆಯಿಂದ ಶಿಬಿರದ ಮೇಡಂ ಹೊರಗೆ ಬಂದರು. ಒಂದು ಕಾಲದಲ್ಲಿ ತಾವೇ ದೊಡ್ಡ ಓಟಗಾರ್ತಿ, ಮಾತು ಕಡಿಮೆ. ಭಾನುವಾರ ನಿಮ್ಮ ಮನೆಗೇ ಬರುತ್ತೇನೆ, ಪುಸ್ತಕ, ವಾಚು, ಹುಡುಗಿ ಮೂರೂ ಸಿದ್ಧವಿರಲಿ, ನೋಡಿ ಹೆಸರು ಬರೆಯುವುದೋ ಬಿಡುವುದೋ ಹೇಳುತ್ತೇನೆ ಅಂದರು.

ಮನೆಗೆ ಬಂದು ಇದನ್ನು ಹೇಳಿದಾಗ ಹೆಂಡತಿಯ ಸೂಜಿ ನಿಂತಿತು. ವಾಚು ಯಾಕೆ ನೋಡಬೇಕಂತೆ ಎಂದು ಕೇಳಿದಳು. ವಾಚು ಇಲ್ಲದೆ ತರಬೇತಿ ಎಂಥದ್ದು ಅಂದ ಮುಳ್ಳಪ್ಪ, ಜೋರಾಗಿಯೇ. ಗಂಡ ಹೆಂಡತಿ ಇಬ್ಬರೂ ಭಾನುವಾರದ ತನಕ ಆ ವಾಚಿನ ಕಡೆ ನೋಡದೆ, ಒಬ್ಬರ ಮುಖ ಒಬ್ಬರು ನೋಡದೆ ದಿನ ದೂಡಿದರು.

ಭಾನುವಾರ ಬೆಳಿಗ್ಗೆ ಮೇಡಂ ಬಂದರು. ಬೀದಿಯವರೂ ಬಂದರು, ಅಂಗಡಿಯಲ್ಲಿ ಜಾಗ ಸಾಲದೆ ಮೆಟ್ಟಿಲಿನ ಮೇಲೆ ಕೂತರು. ಬ್ಯಾಟರಿಯೂ ತನ್ನ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ. ಮೇಡಂ ಪುಸ್ತಕಗಳನ್ನು ಒಂದೊಂದೇ ಪುಟ ತಿರುವಿದರು. ತಿರುವಿದಷ್ಟೂ ಹುಬ್ಬು ಗಂಟಾಯಿತು.

"ಕಳೆದ ಎಂಟು ತಿಂಗಳು ಎಲ್ಲಾ ಎರಡು ಇಪ್ಪತ್ತು, ಎರಡು ಇಪ್ಪತ್ತು. ಒಂದು ದಿನಾನೂ ಅದಕ್ಕಿಂತ ಕಡಿಮೆ ಇಲ್ಲ. ಪಂದ್ಯದಲ್ಲಿ ಮಾತ್ರ ಎರಡು ಹದಿನೈದು. ಒಂದೆರಡು ಸೆಕೆಂಡು ಹೆಚ್ಚುಕಮ್ಮಿ ಆಗುತ್ತೆ, ಒಪ್ಕೋತೀನಿ. ಐದು ಸೆಕೆಂಡು ಹೇಗೆ?"

ಮುಳ್ಳಪ್ಪ, ಅದೇ ನನ್ನ ತರಬೇತಿಯ ವೈಶಿಷ್ಟ್ಯ ಅಂದ.

ಮೇಡಂ ನಗಲಿಲ್ಲ. ಇದಕ್ಕೆ ಎರಡೇ ಕಾರಣ ಇರಬಹುದು ಅಂದರು. ಒಂದು, ವಾಚು ಸುಳ್ಳು. ಮುಳ್ಳಪ್ಪ ತಟ್ಟನೆ ಬಾಗಿಲ ಮೇಲಿನ ಹಲಗೆಯನ್ನು ತೋರಿಸಿದ. ಮೇಡಂ ಓದಿಕೊಂಡು ತಲೆಯಾಡಿಸಿದರು. ಹಾಗಾದರೆ ಉಳಿದದ್ದು ಎರಡನೆಯದು: ಹುಡುಗಿ ದಿನವೂ ನಿಮಗೆ ಮೋಸ ಮಾಡಿದ್ದಾಳೆ, ಕೈಲಾದಷ್ಟು ಓಡದೆ ಕಾಲೆಳೆದಿದ್ದಾಳೆ. ಮೈಗಳ್ಳತನ ಒಮ್ಮೆ ಅಂಟಿದರೆ ಬಿಡುವುದಿಲ್ಲ. ಇಂಥ ಮಕ್ಕಳನ್ನು ಶಿಬಿರಕ್ಕೆ ತೆಗೆದುಕೊಳ್ಳುವ ಮೊದಲು ನಾನು ಎರಡು ಸಲ ಯೋಚಿಸುತ್ತೇನೆ.

ಮುಳ್ಳಪ್ಪ ಮಗಳ ಕಡೆ ನೋಡಿದ. ಅವಳು ಗೋಡೆಗೆ ಒರಗಿ ನಿಂತು ಕಾಲ ಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಉಗುರು ಕಿತ್ತುಹೋದ ಆ ಬೆರಳು ಅವನ ಕಣ್ಣಿಗೆ ಬಿತ್ತು. ಉಗುರು ಹೋದ ದಿನವೂ ಅವಳು ಓಡಿದ್ದಳು. ಅವತ್ತೂ ಅವನು ಬೈದಿದ್ದ.

ಬಿಸಿತುಪ್ಪ ಬಾಯಲ್ಲಿದ್ದವನ ಸ್ಥಿತಿ ಅವನದು. ಒಂದು ಕಡೆ ಮೂವತ್ತು ವರ್ಷದ ಹಲಗೆ, ಇನ್ನೊಂದು ಕಡೆ ಹದಿನಾರು ವರ್ಷದ ಮಗಳು. ಎದುರು ಬಾಗಿಲಲ್ಲಿ ಬ್ಯಾಟರಿ ಕಿವಿ ಅಗಲಿಸಿಕೊಂಡು ಕೂತಿದ್ದಾನೆ. ಮುಳ್ಳಪ್ಪ ಎದ್ದು ನಿಂತ. ತಪ್ಪೊಪ್ಪಿಕೊಳ್ಳುವವರು ಸಾಮಾನ್ಯವಾಗಿ ತಲೆ ತಗ್ಗಿಸುತ್ತಾರೆ. ಇವನು ಗದ್ದವನ್ನು ಇನ್ನೂ ಎರಡು ಬೆರಳು ಮೇಲಕ್ಕೆತ್ತಿದ.

"ನನ್ನ ಮಗಳು ಮೈಗಳ್ಳಿ ಅಲ್ಲ. ಸುಳ್ಳು ಹೇಳ್ತಿರೋದು ಆ ವಾಚು. ಹೇಳಿಸ್ತಿರೋನು ನಾನು. ನಿಮಿಷಕ್ಕೆ ಎರಡು ಸೆಕೆಂಡು ಮುಂದೆ ಓಡೋ ಹಾಗೆ ಈ ಕೈಯಿಂದಲೇ ಕೆಡಿಸಿದ್ದೀನಿ. ಮಾಡಿದ್ದಕ್ಕೆ ನಾಚಿಕೆ ಏನೂ ಇಲ್ಲ. ಹಲಗೆ ಬೇಕಿದ್ರೆ ಈಗಲೇ ಇಳಿಸ್ತೀನಿ."

ಮೆಟ್ಟಿಲಿನ ಮೇಲಿದ್ದ ಯಾರೋ ಒಬ್ಬರು ತಮ್ಮ ಮಣಿಕಟ್ಟಿನ ವಾಚನ್ನು ಕಿವಿಗೆ ಹಿಡಿದು ನೋಡಿಕೊಂಡರು. ಮುಳ್ಳಪ್ಪ ತ್ಯಾಗವೀರನಂತೆ ಸ್ಟೂಲು ಎಳೆದು, ಅದರ ಮೇಲೆ ಹತ್ತಿ, ಹಲಗೆಗೆ ಕೈ ಹಾಕಿಯೂ ಬಿಟ್ಟ. ಮೇಡಂ ಅವನನ್ನು ತಡೆಯಲಿಲ್ಲ. ಚೀಲದಿಂದ ತಮ್ಮ ವಾಚು ತೆಗೆದು, ಮುಳ್ಳಪ್ಪನ ವಾಚಿನ ಪಕ್ಕದಲ್ಲಿಟ್ಟು, ಎರಡರ ಗುಂಡಿಯನ್ನೂ ಒಟ್ಟಿಗೆ ಒತ್ತಿದರು. ಒಂದು ನಿಮಿಷವಾಯಿತು. ಎರಡಾಯಿತು. ಐದಾಯಿತು. ಮುಳ್ಳಪ್ಪ ಸ್ಟೂಲಿನ ಮೇಲೆ ಹಲಗೆ ಹಿಡಿದು ನಿಂತೇ ಇದ್ದ.

"ಎರಡೂ ಒಂದೇ ತೋರಿಸ್ತಿವೆ" ಅಂದರು ಮೇಡಂ. "ನಿಮ್ಮ ವಾಚು ಸರಿಯಾಗಿದೆ."

"ಸಾಧ್ಯವೇ ಇಲ್ಲ" ಅಂದ ಮುಳ್ಳಪ್ಪ ಮೇಲಿಂದ. "ನಾನು ಕೆಡಿಸಿದ್ದು ಸರಿಯಾಗೋದಾ? ಕೆಟ್ಟಿದೆ, ಸರಿಯಾಗಿ ನೋಡಿ."

ತನ್ನ ವಾಚು ಸರಿಯಿದೆ ಅಂದದ್ದಕ್ಕೆ ಜಗಳ ತೆಗೆದ ಗಡಿಯಾರದವನು ಭೂಮಂಡಲದಲ್ಲಿ ಇವನೊಬ್ಬನೇ ಇರಬೇಕು. ಆಗ ಹೆಂಡತಿ ಹೊಲಿಗೆ ಯಂತ್ರವನ್ನು ಬಿಟ್ಟು ಎದ್ದಳು.

"ರೀ, ಕೆಳಗಿಳೀರಿ. ಆ ವಾಚು ಎಂಟು ತಿಂಗಳ ಹಿಂದೆ ನೀರಿನ ಬಕೆಟ್ಟಿಗೆ ಬಿದ್ದಿತ್ತು. ಇವಳ ಕೈಯಿಂದ ಜಾರಿ. ನಿಮಗೆ ಹೇಳಿದ್ರೆ ಮನೆ ಹಂಚು ಹಾರಿಹೋಗ್ತಿತ್ತು. ಅದಕ್ಕೆ ನೀವು ಸಾಮಾನು ತರೋಕೆ ಹೋದ ದಿನ ಎದುರುಗಡೆ ಕೊಟ್ಟು ರಿಪೇರಿ ಮಾಡಿಸಿಟ್ಟೆ."

"ಎದುರುಗಡೆ" ಅಂದ ಮುಳ್ಳಪ್ಪ. ಆ ಒಂದು ಶಬ್ದದಲ್ಲಿ ಜೀವವಿರಲಿಲ್ಲ.

ಬೀದಿಯ ಆಚೆಯಿಂದ ಬ್ಯಾಟರಿ ಗಂಟಲು ಸರಿಮಾಡಿಕೊಂಡ. ಅವನು ಒಳ್ಳೆಯ ಮನುಷ್ಯನೇ, ಆದರೆ ಇಂಥ ಅವಕಾಶ ಜನ್ಮಕ್ಕೊಮ್ಮೆ ಬರುತ್ತದೆ.

"ಹೊಸ ಸ್ಪ್ರಿಂಗು ಹಾಕಿದ್ದು ನಾನೇ ಅಣ್ಣಾ. ಹಳೇದನ್ನ ಯಾರೋ ಕಟುಕ ಅರೆಬರೆ ಕತ್ತರಿಸಿಬಿಟ್ಟಿದ್ದ. ಪಾಪ, ಕಸುಬು ಗೊತ್ತಿಲ್ಲದೋನು ಅಂದ್ಕೊಂಡೆ."

ಮುಳ್ಳಪ್ಪ ಸ್ಟೂಲಿನಿಂದ ಇಳಿದ. ಇಳಿದವನ ತಲೆಯಲ್ಲಿ ಒಂದು ಲೆಕ್ಕ ಥಟ್ಟನೆ ಕೂಡಿತು: ಎಂಟು ತಿಂಗಳು, ನಾಲ್ಕೂವರೆ ಸೆಕೆಂಡು, ನಿದ್ದೆಯ ನಿಷೇಧ. ಸಮಯ ಇಳಿಸಿದ್ದು ನಿಷೇಧವಲ್ಲ, ಬ್ಯಾಟರಿ ಹಾಕಿದ ಸ್ಪ್ರಿಂಗು. ಇವನ ಮುಖ ಬಿಳಿಚಿದ್ದನ್ನು ನೋಡಿ ಹೆಂಡತಿಗೂ ಅದೇ ಲೆಕ್ಕ ಕೂಡಿತು. ತಾನು ಮುಚ್ಚಿಟ್ಟ ಗುಟ್ಟಿಗೆ ತಾನೇ ಎಂಟು ತಿಂಗಳ ಮಧ್ಯಾಹ್ನದ ನಿದ್ದೆಯನ್ನು ದಂಡ ತೆತ್ತಿದ್ದೇನೆಂದು ಅವಳಿಗೆ ಖಚಿತವಾಯಿತು. ಇವತ್ತಿನಿಂದ ನಾನು ಮಲಗುತ್ತೇನೆ, ಯಾರು ಎಬ್ಬಿಸುತ್ತಾರೋ ನೋಡುತ್ತೇನೆ ಎಂದು ಅಲ್ಲಿಯೇ ಘೋಷಿಸಿದಳು.

ಆದರೆ ಮೇಡಂ ಇನ್ನೂ ಹುಬ್ಬು ಬಿಡಿಸಿರಲಿಲ್ಲ. ವಾಚು ಸರಿಯಿದೆ ಅಂದಮೇಲೆ ಐದು ಸೆಕೆಂಡಿನ ಕಳಂಕ ತಿರುಗಿ ಹುಡುಗಿಯ ತಲೆಗೇ ಬಂತಲ್ಲ. ಮುಳ್ಳಪ್ಪನಿಗೆ ಅದು ಹೊಳೆದದ್ದೇ ತಡ, ಅವನ ಗದ್ದ ಮತ್ತೆ ಮೇಲೆದ್ದಿತು. ಹಾಗಾದರೆ ತಪ್ಪು ಬೀದಿಯದು ಅಂದ. ವಾಚಿನದ್ದಲ್ಲ, ಮಗಳದ್ದಂತೂ ಅಲ್ಲ, ಉಳಿದದ್ದು ಬೀದಿ, ಅದನ್ನೂ ಪರೀಕ್ಷೆ ಮಾಡಿ. ಸೋತ ವಕೀಲ ಕೊನೆಗೆ ಸಿಕ್ಕಿದ್ದನ್ನು ಹಿಡಿದು ವಾದಿಸುವಂತೆ ಬಾಯಿಗೆ ಬಂದದ್ದನ್ನು ಆಡಿದ್ದ, ಅಷ್ಟೇ. ಆದರೆ ಮೇಡಂ ಎದ್ದೇಬಿಟ್ಟರು. ಅವರ ಗಾಡಿಯಲ್ಲಿ ಕೋಲಿನ ತುದಿಗೆ ಚಕ್ರ ಸಿಕ್ಕಿಸಿದ ಅಳತೆಯ ಸಲಕರಣೆ ಇತ್ತು; ತಳ್ಳಿಕೊಂಡು ನಡೆದರೆ ಎಷ್ಟು ದೂರವೆಂದು ತಾನೇ ಹೇಳುತ್ತದೆ. ಕೆಂಪು ಗೆರೆಯಿಂದ ಶುರು. ಮುಂದೆ ಮೇಡಂ, ಹಿಂದೆ ಮುಳ್ಳಪ್ಪ, ಅವನ ಹಿಂದೆ ಇಡೀ ಬೀದಿ. ಮೂರು ಸುತ್ತು ಹಾಕಿ ಅಂಗಡಿಯ ಬಾಗಿಲಿಗೆ ಬಂದಾಗ ಚಕ್ರ ತೋರಿಸಿದ್ದು ಎಂಟುನೂರ ಇಪ್ಪತ್ತಾರು ಮೀಟರು ಚಿಲ್ಲರೆ.

"ಯಾವುದರಲ್ಲಿ ಅಳೆದಿರಿ?" ಎಂದು ಕೇಳಿದರು ಮೇಡಂ.

ಟೇಪಿನಲ್ಲಿ, ಅಂದ ಮುಳ್ಳಪ್ಪ. ಹೆಂಡತಿಯ ಟೇಪಿನಲ್ಲಿ. ಬಗ್ಗಿ ಬಗ್ಗಿ ಐನೂರಕ್ಕೂ ಹೆಚ್ಚು ಸಲ ಹಾಸಿ ಅಳೆದಿದ್ದೇನೆ, ಆಮೇಲೆ ಒಂದು ವಾರ ಸೊಂಟ ನೆಟ್ಟಗಾಗಿರಲಿಲ್ಲ.

"ಯಾವ ಟೇಪು?" ಅಂದಳು ಹೆಂಡತಿ. ಅವಳ ದನಿ ಬದಲಾಗಿತ್ತು. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಹಳೆಯ ಟೇಪನ್ನು ತಂದು, ಕೊರಳಲ್ಲಿದ್ದ ಹೊಸದರ ಪಕ್ಕ ಹಿಡಿದಳು. ಎರಡರಲ್ಲೂ ಕೊನೆಯ ಗುರುತು ನೂರೈವತ್ತೇ. ಹಳೆಯದು ಮೂರು ಬೆರಳು ಕೆಳಗೆ ಜೋತುಬಿದ್ದಿತ್ತು. "ಇದಾ? ಎಳೆದೂ ಎಳೆದೂ ಹಿಗ್ಗಿಹೋಗಿತ್ತು. ಇದರಲ್ಲಿ ಅಳತೆ ತಗೊಂಡು ಹೊಲಿದದ್ದೆಲ್ಲ ದೊಗಳೆ ಆಗ್ತಿತ್ತು. ಅದಕ್ಕೇ ಮೂಲೆಗೆ ಹಾಕಿದ್ದು."

"ಹೊಸದನ್ನ ಕೇಳಿದ್ರೆ ಬೀದಿ ಧೂಳಿಗೆ ಹಾಕಲ್ಲ ಅಂದೆ ನೀನು" ಅಂದ ಮುಳ್ಳಪ್ಪ.

"ಅಂದೆ. ಹಳೇದನ್ನ ತಗೊಳ್ಳಿ ಅಂದ್ನಾ?"

ಮೇಡಂ ಆಗ ನಕ್ಕರು. ಅಲ್ಲಿಯ ತನಕ ನಗದವರು, ಮೆಟ್ಟಿಲಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಂದರೆ ಈ ಹುಡುಗಿ ನಾಲ್ಕು ವರ್ಷ ದಿನಕ್ಕೆ ಇಪ್ಪತ್ತಾರು ಮೀಟರು ಹೆಚ್ಚಿಗೆ ಓಡಿದ್ದಾಳೆ. ಕಾಲೆಳೆದವಳಲ್ಲ, ಉಳಿದವರಿಗಿಂತ ಹೆಚ್ಚು ಎಳೆದವಳು. ಶಿಬಿರಕ್ಕೆ ಬರಲಿ, ಆ ವಿಷಯ ಮುಗಿಯಿತು. ಆದರೆ ಈ ಗೀಟಿನ ಮೇಲೆ ಯಾರ ಹೆಸರು ಬರೆಯಲಿ? ಪೆನ್ನು ತೆಗೆದು ಸುತ್ತ ನೋಡಿದರು. ಟೇಪು ನನ್ನದು ಅಂದಳು ಹೆಂಡತಿ. ಸ್ಪ್ರಿಂಗು ನನ್ನದು ಅಂದ ಬ್ಯಾಟರಿ, ಆಚೆ ಬದಿಯಿಂದ.

ಮುಳ್ಳಪ್ಪ ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡ.

"ನನ್ನ ಹೆಸರು ಬರೀಬೇಡಿ. ಯಾರ ಉಪಕಾರಾನೂ ಬೇಡ. ಆ ಬೆಂಚಿನ ಮೇಲೇ ಕೂರ್ತೀನಿ. ಅಲ್ಲಿಂದ ಬೈದ್ರೂ ಅವಳಿಗೆ ಕೇಳುತ್ತೆ. ನನ್ನ ಗಂಟಲಿಗೆ ಬೇಲಿ ಇಲ್ಲ."

ಆಗ ಮಗಳು ಗೋಡೆ ಬಿಟ್ಟು ಮುಂದೆ ಬಂದಳು. ಅಲ್ಲಿಯ ತನಕ ಅವಳು ಅಲ್ಲಿದ್ದಾಳೆಂಬುದನ್ನೇ ಎಲ್ಲರೂ ಮರೆತಿದ್ದರು.

"ಅಪ್ಪಾ, ವಾಚು ಮುಂದೆ ಓಡೋದು ನಂಗೆ ಮೊದಲ ವಾರಾನೇ ಗೊತ್ತಿತ್ತು. ಗಡಿಯಾರದ ಅಂಗಡೀಲಿ ಹುಟ್ಟಿದೋಳು ನಾನು. ಅದರ ಟಿಕ್‌ಟಿಕ್ಕು ಗಾಬರಿ ಬಿದ್ದೋರ ಹಾಗೆ ಇತ್ತು. ಬಕೆಟ್ಟಿಗೆ ಬಿದ್ದು ಬಂದ್ಮೇಲೆ ಸರಿಹೋಯ್ತು."

"ಗೊತ್ತಿದ್ದೂ ಹೇಳಲಿಲ್ವಾ?"

"ಹೇಗೆ ಹೇಳಲಿ? ಸುಳ್ಳು ವಾಚು ಹಿಡ್ಕೊಂಡು ನೀನು ನಿಜವಾಗ್ಲೂ ಬೈತಿದ್ದೆ. ನಾಲ್ಕು ಸೆಕೆಂಡು ಇಳಿದಾಗ ಬ್ಯಾಟರಿ ಮಾಮನ ಅಂಗಡಿ ಮುಂದೇನೇ ಕುಣಿದೆ. ಅದನ್ನ ನೋಡಿದ್ಮೇಲೆ ಹೇಳೋಕೆ ಮನಸ್ಸು ಬರಲಿಲ್ಲ." ಆಮೇಲೆ ಮೇಡಂ ಕಡೆ ತಿರುಗಿದಳು. "ಅಪ್ಪನ ಹೆಸರೇ ಬರೀರಿ ಮೇಡಂ. ವಾಚು, ಟೇಪು ಎಲ್ಲಾ ಶಿಬಿರದಲ್ಲೂ ಇರುತ್ತೆ. ಐದು ಗಂಟೆಗೆ ಬಾಗಿಲಲ್ಲಿ ನಿಂತು ಬೈಯೋರು ಇರಲ್ಲ. ಬೈಸ್ಕೊಳ್ದೆ ನನ್ನ ಕಾಲು ಏಳಲ್ಲ."

ಮುಳ್ಳಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಾಜಿನ ಪೆಟ್ಟಿಗೆಯೊಳಗೆ ಏನನ್ನೋ ಬಹಳ ಹೊತ್ತು ಹುಡುಕಿದ. (ಪೆಟ್ಟಿಗೆ ಖಾಲಿಯಿತ್ತು.) ಮೇಡಂ ಗೀಟಿನ ಮೇಲೆ ಹೆಸರು ಬರೆದರು. ಒಂದು ಷರತ್ತು ಹಾಕಿದರು: ಸುಳ್ಳು ಪುಸ್ತಕವನ್ನು ಶಿಬಿರಕ್ಕೆ ತರುವಂತಿಲ್ಲ. ಮೊದಲಿನ ದಿನಗಳ ವಾಚಿನ ಸುಳ್ಳನ್ನೂ ಬೀದಿಯ ಸುಳ್ಳನ್ನೂ ಕಳೆದು, ಪ್ರತಿ ದಿನದ ನಿಜವಾದ ಸಮಯ ಬರೆದು, ಪುಟದ ಕೆಳಗೆ ತರಬೇತುದಾರರ ರುಜು ಹಾಕಿ ತರಬೇಕು.

ಸಂಜೆ ಮುಳ್ಳಪ್ಪ ಪುಸ್ತಕಗಳನ್ನು ಹರಡಿಕೊಂಡು ಕೂತ. ಅವನ ಪಾಲಿಗೆ ಅದು ಹಬ್ಬದಂಥ ಕೆಲಸ. ಒಂದೊಂದು ಅಂಕಿ ತಿದ್ದಿದಾಗಲೂ ಮಗಳು ಇನ್ನಷ್ಟು ವೇಗವಾಗುತ್ತಿದ್ದಳು. ಹೆಂಡತಿ ಎಂಟು ತಿಂಗಳ ಬಾಕಿಯಲ್ಲಿ ಮೊದಲ ಕಂತಿನ ನಿದ್ದೆ ಮುಗಿಸಿ ಬಂದು, ಕಾಲರು ಹೊಲಿಯುತ್ತ ಎದುರಿಗೆ ಕೂತಿದ್ದಳು. ಹೋದ ವರ್ಷದ ಪುಸ್ತಕಕ್ಕೆ ಬಂದಾಗ ಮುಳ್ಳಪ್ಪನ ಪೆನ್ನು ಒಂದು ಕಡೆ ನಿಂತಿತು. ಮತ್ತೆ ಲೆಕ್ಕ ಹಾಕಿದ. ಮೂರನೆಯ ಸಲ ಬೆರಳು ಮಡಚಿ ಹಾಕಿದ.

ಹೋದ ವರ್ಷದ ಪಂದ್ಯಕ್ಕೆ ಹದಿನೈದು ದಿನ ಮುಂಚಿನ ಪುಟ ಅದು. ವಾಚು ತೋರಿಸಿದ್ದು ಎರಡು ಇಪ್ಪತ್ತನಾಲ್ಕು. ಅವನು ಆಗ ತನ್ನ ಗುಟ್ಟಿನ ಕಳೆಯುವ ಲೆಕ್ಕ ಮಾಡಿ ಎರಡು ಹತ್ತೊಂಬತ್ತು ಎಂದು ತಿಳಿದಿದ್ದ. ಪಂದ್ಯದಲ್ಲಿ ಗೆಲ್ಲುವವರು ಎರಡು ಹದಿನೇಳರಲ್ಲಿ ಗೆಲ್ಲುತ್ತಾರೆ. ಮೂರನೆಯ ಸ್ಥಾನಕ್ಕೆ ನನ್ನ ಮಗಳನ್ನು ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದ. ಮಗಳು ಎರಡು ದಿನ ಅತ್ತಿದ್ದಳು, ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಳು. ಈಗ ಬೀದಿಯ ಸುಳ್ಳನ್ನೂ ಕಳೆದು ನೋಡಿದರೆ ಆ ದಿನ ಅವಳು ಓಡಿದ್ದು ಎರಡು ಹದಿನೈದರಲ್ಲಿ. ಚಿನ್ನ ಹೋದ ವರ್ಷವೇ ಬೀದಿಗೆ ಬಂದು ಬಾಗಿಲು ತಟ್ಟಿತ್ತು. ಬಾಗಿಲಲ್ಲಿ ಇವನು ನಿಂತಿದ್ದ.

ಹೊಲಿಗೆ ಯಂತ್ರ ನಿಂತಿತು. ಏನಾಯಿತೆಂದು ಹೆಂಡತಿ ಕೇಳಿದಳು. ಹೇಳದೆ ಇರಬಹುದಿತ್ತು, ಆದರೆ ಬೆಳಿಗ್ಗೆ ಒಮ್ಮೆ ನಿಜ ಹೇಳಿ ಅವನಿಗೆ ರೂಢಿಯಾಗಿಬಿಟ್ಟಿತ್ತು. ಹೇಳಿದ. ಅವಳು ಕಾಲರನ್ನು ಮಗುಚಿಟ್ಟು ಮತ್ತೆ ಹೊಲಿಯತೊಡಗಿದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಮುಳ್ಳಪ್ಪ ಎರಡು ಹದಿನೈದು ಎಂದು ದಪ್ಪವಾಗಿ ಬರೆದ. ಕೆಳಗೆ "ತರಬೇತುದಾರ" ಎಂದು ಅದಕ್ಕಿಂತ ದಪ್ಪವಾಗಿ ರುಜು ಹಾಕಿದ. ಪೆನ್ನಿನ ಮುಚ್ಚಳ ಹಾಕಿ, ಗದ್ದ ಎತ್ತಿದ.

"ಆದದ್ದು ಒಳ್ಳೇದೇ ಆಯ್ತು. ಹದಿನೈದನೇ ವಯಸ್ಸಿಗೇ ಚಿನ್ನ ಸಿಕ್ಕಿದ್ರೆ ಸೊಕ್ಕು ಬಂದುಬಿಡ್ತಿತ್ತು."

ಹೆಂಡತಿ ಹಲ್ಲಿನಿಂದ ದಾರ ಕಡಿದಳು.

"ಹೌದು" ಅಂದಳು. "ಒಂದು ಮನೆಗೆ ಒಬ್ಬರಿಗಿದ್ರೆ ಸಾಕು."